ಒಬ್ಬರ ಕೈಗೆ ಸಿಗದ ಮಳೆ: ಗುಂಪು ಮಂಡನೆಯಲ್ಲಿ ಮಕ್ಕಳು ಕಲಿಯುವುದೇನು?

ಕೊಡಗಿನಲ್ಲಿ ವರ್ಷಕ್ಕೆ ಎಷ್ಟು ಮಳೆ ಬೀಳುತ್ತದೆ? ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಕು. ನೆಲದ ಮೇಲೆ ನಿಂತು ಕೇಳಿದರೆ ಸಾಲದು. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,200 ಮಿಲಿಮೀಟರ್ ಸುರಿದರೆ, ತಲಕಾವೇರಿಯ ಬುಡದ ಭಾಗಮಂಡಲದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮಡಿಕೇರಿಯಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರ ಮುಟ್ಟುವ ಹೊತ್ತಿಗೆ ಮಳೆಯ ಲೆಕ್ಕ ಅರ್ಧಕ್ಕಿಂತಲೂ ಕೆಳಗೆ ಬಂದಿರುತ್ತದೆ. ಅರಬ್ಬಿ ಸಮುದ್ರದ ತೇವಗಾಳಿ ಪಶ್ಚಿಮ ಘಟ್ಟವನ್ನು ಏರುತ್ತಾ ತಣಿದು ಮಳೆಯಾಗುತ್ತದೆ. ಘಟ್ಟ ದಾಟಿ ಇಳಿಯುವಾಗ ಅದರಲ್ಲಿ ಸುರಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಹೀಗಾಗಿ 4,102 ಚದರ ಕಿಲೋಮೀಟರಿನ ಈ ಸಣ್ಣ ಜಿಲ್ಲೆಯಲ್ಲಿ ಒಂದೇ ತರಗತಿಯಲ್ಲಿ ಕೂರುವ ಮಕ್ಕಳ ಮನೆಗಳ ಮೇಲೂ ಬೇರೆ ಬೇರೆ ಮಳೆ.

ಕೊಡಗಿನ ಮಳೆಯನ್ನು ಒಬ್ಬ ವಿದ್ಯಾರ್ಥಿ ಒಬ್ಬನೇ ಅರಿಯಲಾರ. ನಾಲ್ಕೈದು ಮಕ್ಕಳು ಒಂದು ವಿಷಯವನ್ನು ಹಂಚಿಕೊಂಡು, ಹುಡುಕಿ, ಜೋಡಿಸಿ, ತರಗತಿಯ ಮುಂದೆ ನಿಂತು ಹೇಳುವ ಗುಂಪು ಮಂಡನೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಇಂಥ ಕೆಲಸದಿಂದ ಮಕ್ಕಳಿಗೆ ಏನು ದಕ್ಕುತ್ತದೆ ಎಂದು ಕೇಳಿದರೆ ಬರುವ ಮೊದಲ ಉತ್ತರ, ‘ಸಭಾಕಂಪನ ಹೋಗುತ್ತದೆ’ ಎಂಬುದು. ಅದು ನಿಜವೇ. ಆದರೆ ದೊಡ್ಡ ಕಲಿಕೆ ಮಾತಾಡುವ ಆ ಹತ್ತು ನಿಮಿಷಕ್ಕಿಂತ ಬಹಳ ಮೊದಲೇ ನಡೆದಿರುತ್ತದೆ. ಕೆಲವೊಮ್ಮೆ ನಡೆಯದೆಯೂ ಹೋಗುತ್ತದೆ. ಅದು ನಡೆಯುವುದು ಯಾವಾಗ, ತಪ್ಪುವುದು ಯಾಕೆ ಎಂಬುದನ್ನು ಈ ಅಧ್ಯಾಯ ನೋಡುತ್ತದೆ.

ಹಂಚುವುದು ಸುಲಭ, ಕೂಡಿಸುವುದು ಪಾಠ

ಒಂಬತ್ತನೇ ತರಗತಿಯ ಐದು ಮಕ್ಕಳಿಗೆ ‘ನಮ್ಮ ಊರಿನ ಮಳೆ’ ಎಂಬ ವಿಷಯ ಕೊಟ್ಟಿದ್ದೇವೆ ಎಂದುಕೊಳ್ಳೋಣ. ಒಬ್ಬಳು ಕಾಫಿ ತೋಟದ ಮನೆಯವಳು. ಕೊಡಗಿನ ಬೆಳೆಗಾರರ ಮನೆಗಳಲ್ಲಿ ಮಳೆಮಾಪಕ ಇಟ್ಟು, ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಹಳೆಯದು. ಅಲ್ಲಿನ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಇನ್ನೊಬ್ಬ ಹವಾಮಾನ ಇಲಾಖೆಯ ಅಂಕಿಗಳನ್ನು ತರುತ್ತಾನೆ, ಅವು ಮಿಲಿಮೀಟರಿನಲ್ಲಿ. ಮೂರನೆಯವಳು ಅಜ್ಜಿಯನ್ನು ಕೇಳುತ್ತಾಳೆ. ಕೊಡವ ಮನೆಯ ಅಜ್ಜಿ ‘ಕಕ್ಕಡ’ದ ಮಳೆ ಎನ್ನುತ್ತಾರೆ. ಅರೆಭಾಷೆ ಮನೆಯ ಗೆಳೆಯ ಆಟಿ ತಿಂಗಳ ಮಾತು ತರುತ್ತಾನೆ. ಪಂಚಾಂಗ ನೋಡುವ ಮನೆಯಿಂದ ಪುಷ್ಯ, ಆಶ್ಲೇಷ ಮಳೆಗಳು ಬರುತ್ತವೆ.

ಐವರೂ ತಂದದ್ದನ್ನು ಒಂದೇ ನಕ್ಷೆಯಲ್ಲಿ ಇಡಬೇಕು. ಆಗ ಕೆಲಸ ಶುರುವಾಗುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್ ಎಂದು ಎಲ್ಲರೂ ಓದಿದವರೇ. ಈಗ ಅದರ ಅಗತ್ಯ ಬಿದ್ದಿದೆ. ಕಕ್ಕಡ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬರುವುದರಿಂದ ಅದನ್ನು ಇಲಾಖೆಯ ಜುಲೈ ಲೆಕ್ಕದಲ್ಲಿ ಸೇರಿಸುವುದೋ ಆಗಸ್ಟಿನಲ್ಲೋ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ತಿಂಗಳ ಮೊತ್ತ ಬಿಟ್ಟು ದಿನದ ಲೆಕ್ಕಕ್ಕೆ ಇಳಿಯಬೇಕು ಎಂದು ಯಾರೋ ಒಬ್ಬರಿಗೆ ಹೊಳೆಯುತ್ತದೆ, ಉಳಿದವರಿಗೆ ಅದನ್ನು ಒಪ್ಪಿಸಬೇಕಾಗುತ್ತದೆ. ಬೇರೆ ಬೇರೆ ಮೂಲಗಳ ಮಾಹಿತಿಯನ್ನು ಒಂದೇ ಅಳತೆಗೆ ತರುವುದು ವಿಜ್ಞಾನಿಗಳ ನಿತ್ಯದ ಕೆಲಸ. ಪಾಠ ಓದಿಸಿ ಇದನ್ನು ಕಲಿಸುವುದು ಕಷ್ಟ.

ಹಲವು ತರಗತಿಗಳಲ್ಲಿ ಗುಂಪು ಕೆಲಸ ಇಲ್ಲಿಯವರೆಗೆ ಬರುವುದೇ ಇಲ್ಲ. ಐದು ಮಕ್ಕಳು ಐದು ಪುಟ ಬರೆದು ತಂದು, ಒಂದರ ಹಿಂದೊಂದು ಓದಿ ಕೂರುತ್ತಾರೆ. ಆ ಐದು ತುಂಡುಗಳು ಪರಸ್ಪರ ಮುಟ್ಟಿರುವುದಿಲ್ಲ. ಹಾಗಾದಾಗ ಅದು ಒಂದೇ ಗಂಟೆಯಲ್ಲಿ ನಡೆದ ಐದು ಒಂಟಿ ಮಂಡನೆ ಅಷ್ಟೇ.

ವಿವರಿಸುವವರು ಹೆಚ್ಚು ಕಲಿಯುತ್ತಾರೆ

ಗುಂಪಿನಲ್ಲಿ ಜಾಣ ಹುಡುಗಿ ಉಳಿದವರಿಗೆ ಹೇಳಿಕೊಡುತ್ತಾ ಕೂತರೆ ಅವಳ ಸಮಯ ಹಾಳು ಎಂದು ಪೋಷಕರು ಆತಂಕಪಡುವುದುಂಟು. ಸಂಶೋಧನೆ ಬೇರೆಯೇ ಹೇಳುತ್ತದೆ. ಸಣ್ಣ ಗುಂಪುಗಳಲ್ಲಿ ಮಕ್ಕಳು ಗಣಿತ ಮಾಡುವಾಗ ಆಡುವ ಮಾತುಗಳನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ನೊರೀನ್ ವೆಬ್ ವರ್ಷಗಟ್ಟಲೆ ಗಮನಿಸಿದರು. ಹಂತ ಹಂತವಾಗಿ ಬಿಡಿಸಿ ವಿವರಿಸಿದ ಮಕ್ಕಳು ಹೆಚ್ಚು ಕಲಿತಿದ್ದರು. ವಿವರಣೆಯಿಲ್ಲದೆ ಉತ್ತರವನ್ನು ಮಾತ್ರ ಪಡೆದವರಿಗೆ ಲಾಭವಾಗಿರಲಿಲ್ಲ. ‘ಉತ್ತರ ಇಷ್ಟು, ಬರೆದುಕೋ’ ಎಂಬ ಸಹಾಯ ಸಹಾಯವೇ ಅಲ್ಲವೆಂದಾಯಿತು.

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದೇ ಬರಹವನ್ನು ಓದಲು ಕೊಟ್ಟು, ಕೆಲವರಿಗೆ ‘ಆಮೇಲೆ ಪರೀಕ್ಷೆ ಇದೆ’ ಎಂದರು. ಕೆಲವರಿಗೆ ‘ಇದನ್ನು ನೀವು ಇನ್ನೊಬ್ಬರಿಗೆ ಕಲಿಸಬೇಕು’ ಎಂದರು. ಕೊನೆಗೆ ಯಾರಿಂದಲೂ ಪಾಠ ಮಾಡಿಸದೆ ಎಲ್ಲರಿಗೂ ಪರೀಕ್ಷೆ ಇಟ್ಟರು. ಕಲಿಸಬೇಕೆಂದು ಓದಿದವರಿಗೆ ಹೆಚ್ಚು ನೆನಪಿತ್ತು, ಅವರ ಉತ್ತರ ಹೆಚ್ಚು ಒಪ್ಪವಾಗಿಯೂ ಇತ್ತು. ಇನ್ನೊಬ್ಬರಿಗೆ ಹೇಳಬೇಕೆಂಬ ಅರಿವೇ ಓದುವ ರೀತಿಯನ್ನು ಬದಲಿಸುತ್ತದೆ. ಮುಖ್ಯವಾದದ್ದು ಯಾವುದು, ಯಾವುದರ ಹಿಂದೆ ಯಾವುದು ಬರಬೇಕು, ಕೇಳುವವರು ಎಲ್ಲಿ ಎಡವಬಹುದು ಎಂದು ಮನಸ್ಸು ಲೆಕ್ಕ ಹಾಕಲು ತೊಡಗುತ್ತದೆ.

ಈ ತಿಳಿವಳಿಕೆ ನಮ್ಮ ಶಾಲೆಗಳಿಗೆ ಹೊಸತಲ್ಲ. ಕೊಡಗಿಗೆ ತಾಗಿಕೊಂಡಿರುವ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಬೇರೆ ಬೇರೆ ಗುಂಪುಗಳಲ್ಲಿ ಕಲಿಯುತ್ತಾರೆ. ಶಿಕ್ಷಕರ ನೆರವಿನಿಂದ ಕಲಿಯುವ ಗುಂಪಿನ ಜೊತೆಗೆ ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪೂ ಅಲ್ಲಿದೆ. ಒಂದನೇ ತರಗತಿಯ ಮಗು ಪಕ್ಕದವನಿಗೆ ಅಕ್ಷರ ತೋರಿಸಿಕೊಡುವುದು ಆ ಪದ್ಧತಿಯ ಭಾಗ. ಪ್ರೌಢಶಾಲೆಯ ಗುಂಪು ಮಂಡನೆ ಅದರ ಬೆಳೆದ ರೂಪವಾಗಬೇಕು.

ಲೈನ್‌ಮನೆಯ ಮಗುವಿಗೆ ಗೊತ್ತಿರುವುದು

1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದಿದ್ದರು. ಜಗಳ, ಹೀಯಾಳಿಕೆ ದಿನನಿತ್ಯದ್ದಾಗಿತ್ತು. ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಪಾಠವನ್ನು ತುಂಡುಗಳಾಗಿ ಮಾಡಿ, ಗುಂಪಿನ ಪ್ರತಿ ಮಗುವಿಗೂ ಒಂದೊಂದು ತುಂಡು ಕೊಟ್ಟರು. ಬೇರೆ ಗುಂಪುಗಳಲ್ಲಿ ಅದೇ ತುಂಡು ಪಡೆದವರು ಮೊದಲು ಒಟ್ಟಿಗೆ ಕೂತು ಅದನ್ನು ಚೆನ್ನಾಗಿ ಕಲಿತರು. ಆಮೇಲೆ ತಮ್ಮ ತಮ್ಮ ಗುಂಪಿಗೆ ಹಿಂತಿರುಗಿ ಹೇಳಿಕೊಟ್ಟರು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ತಡವರಿಸಿ ಇಂಗ್ಲಿಷ್ ಮಾತಾಡುವ ಹುಡುಗನನ್ನು ಗೇಲಿ ಮಾಡಿದರೆ ಅವನ ಬಳಿಯ ತುಂಡು ಸಿಗುವುದಿಲ್ಲ. ಒಳ್ಳೆಯ ಪ್ರಶ್ನೆ ಕೇಳಿ ಅವನಿಂದ ಅದನ್ನು ಹೊರತರಿಸುವುದನ್ನು ಮಕ್ಕಳು ಬೇಗನೆ ಕಲಿತರು. ‘ಜಿಗ್‌ಸಾ ತರಗತಿ’ ಎಂದು ಹೆಸರಾದ ಈ ವಿಧಾನದಿಂದ ಮಕ್ಕಳ ನಡುವಿನ ತಾತ್ಸಾರ ತಗ್ಗಿತು, ಹಿಂದುಳಿದಿದ್ದ ಮಕ್ಕಳ ಅಂಕವೂ ಏರಿತು.

ಕೊಡಗಿನ ತರಗತಿಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ಇಲ್ಲಿ ಒಂದೇ ಬೆಂಚಿನ ಮೇಲೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಯರವ, ಜೇನುಕುರುಬ ಮನೆಮಾತಿನ ಮಕ್ಕಳು ಕೂತಿರಬಹುದು. ಪಾಠದ ಕನ್ನಡವೋ ಇಂಗ್ಲಿಷೋ ಸಲೀಸಾಗಿ ಬಾರದ ಮಗು ಹಿಂದಿನ ಸಾಲಿಗೆ ಸರಿಯುತ್ತದೆ. ತೋಟದ ಲೈನ್‌ಮನೆಯಿಂದ ಬರುವ ಮಗುವನ್ನು ನೋಡಿ. ಫೆಬ್ರವರಿ, ಮಾರ್ಚಿನ ಹೂಮಳೆ ಬಿದ್ದ ಮೇಲೆ ಕಾಫಿ ಹೂವು ಅರಳಲು ಎಷ್ಟು ದಿನ ಬೇಕು, ಹೂವಿನ ಹಿಂದೆ ಬೀಳಬೇಕಾದ ಬ್ಯಾಕಿಂಗ್ ಮಳೆ ತಪ್ಪಿದರೆ ಕಾಯಿ ಹೇಗೆ ಉದುರುತ್ತದೆ, ಮಳೆ ಬಿಡದೆ ಹೊಡೆದು ಕೆಲಸ ನಿಂತ ವಾರ ಮನೆಯ ಖರ್ಚು ಹೇಗೆ ನಡೆಯುತ್ತದೆ ಎಂದು ಆ ಮಗು ಹೇಳಬಲ್ಲದು. ಇದು ಯಾವ ವೆಬ್‌ಸೈಟಿನಲ್ಲೂ ಸಿಗದ ತುಂಡು. ವಿಷಯವನ್ನು ಊರಿನಿಂದ ಆರಿಸಿದಾಗ ಈ ಮಗುವಿನ ಬಳಿ ಗುಂಪಿಗೆ ಬೇಕಾದ್ದು ಇರುತ್ತದೆ. ‘ಸೌರವ್ಯೂಹ’ ಎಂದು ಕೊಟ್ಟರೆ ಮನೆಯಲ್ಲಿ ಇಂಟರ್ನೆಟ್, ಪ್ರಿಂಟರ್ ಇರುವ ಮಗುವೇ ಗುಂಪನ್ನು ಆಳುತ್ತದೆ.

ಕೈ ಜಾರಿಸುವವರ ಪ್ರಶ್ನೆ

‘ಎಲ್ಲ ಕೆಲಸ ನಾನೇ ಮಾಡಿದೆ, ಅಂಕ ಮಾತ್ರ ಎಲ್ಲರಿಗೂ ಸಮ.’ ಗುಂಪು ಪ್ರಾಜೆಕ್ಟ್ ಮಾಡಿದ ಹೆಚ್ಚಿನ ಮಕ್ಕಳ ದೂರು ಇದು. ಈ ದೂರಿನಲ್ಲಿ ಹುರುಳಿದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎಂಟು ಮಂದಿ ಸೇರಿ ಹಗ್ಗ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಒಬ್ಬಂಟಿಯಾಗಿ ಎಳೆದಾಗಿನ ಬಲದ ಅರ್ಧದಷ್ಟಕ್ಕೆ ಇಳಿದಿತ್ತು. ಕೆಸರುಗದ್ದೆಯ ಹಗ್ಗಜಗ್ಗಾಟ ಕಂಡ ಕೊಡಗಿನವರು ಇದಕ್ಕೆ ಕಾರಣ ಹೇಳಬಲ್ಲರು: ಎಲ್ಲರೂ ಒಂದೇ ಕ್ಷಣಕ್ಕೆ, ಒಂದೇ ದಿಕ್ಕಿಗೆ ಎಳೆಯದಿದ್ದರೆ ಬಲ ಸೋರಿಹೋಗುತ್ತದೆ. ಆದರೆ ಅದೊಂದೇ ಕಾರಣವಲ್ಲ. ಅಮೆರಿಕದಲ್ಲಿ 1974ರಲ್ಲಿ ನಡೆದ ಪ್ರಯೋಗದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಇನ್ನೂ ಕೆಲವರು ಎಳೆಯುತ್ತಿದ್ದಾರೆಂದು ನಂಬಿಸಿದಾಗಲೂ ಎಳೆಯುವವರ ಬಲ ತಗ್ಗಿತು; ನಿಜಕ್ಕೂ ಎಳೆಯುತ್ತಿದ್ದವರು ಅವರೊಬ್ಬರೇ. ಮುಂದೆ ಮನೋವಿಜ್ಞಾನಿ ಬಿಬ್ ಲಟಾನೆ ಮತ್ತು ಸಂಗಡಿಗರು, ಗುಂಪಿನಲ್ಲಿ ಪ್ರತಿಯೊಬ್ಬರ ಪಾಲು ಬೇರೆಯಾಗಿ ಗುರುತಾಗುತ್ತದೆ ಎಂದು ಗೊತ್ತಾದಾಗ ಈ ಜಾರಿಕೆ ಇಲ್ಲವಾಗುವುದನ್ನು ತೋರಿಸಿದರು.

ಇದನ್ನು ತಿಳಿದ ಮೇಲೆ ಸೋಮಾರಿ ಮಗುವನ್ನು ಬೈಯುವುದಕ್ಕಿಂತ ಕೆಲಸದ ಏರ್ಪಾಟನ್ನು ಸರಿಪಡಿಸುವುದೇ ದಾರಿ ಎಂಬುದು ಸ್ಪಷ್ಟ. ಗುಂಪು ಚಿಕ್ಕದಿರಬೇಕು. ಪ್ರತಿಯೊಬ್ಬರ ಪಾಲು ಕಣ್ಣಿಗೆ ಕಾಣಬೇಕು.

ಒಪ್ಪದಿರುವುದನ್ನು ಕಲಿಯುವುದು

2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಮುಂತಾದೆಡೆ ಗುಡ್ಡಗಳು ಕುಸಿದವು; ಮನೆ, ತೋಟ, ಜೀವಗಳು ಹೋದವು. ಯಾಕೆ ಕುಸಿಯಿತು ಎಂಬ ಪ್ರಶ್ನೆಯನ್ನು ಒಂದು ಗುಂಪಿಗೆ ಕೊಟ್ಟರೆ ಮಕ್ಕಳು ಮನೆಯ ಮಾತನ್ನೇ ತರುತ್ತಾರೆ. ಒಬ್ಬ ಮಳೆ ಎನ್ನುತ್ತಾನೆ. ಒಬ್ಬಳು ಗುಡ್ಡ ಕಡಿದು ಕಟ್ಟಿದ ಹೋಂಸ್ಟೇ ಎನ್ನುತ್ತಾಳೆ. ಆ ಹೋಂಸ್ಟೇಯಿಂದಲೇ ಬದುಕುವ ಮನೆಯ ಮಗುವೂ ಅದೇ ಗುಂಪಿನಲ್ಲಿರಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪರಿಶೀಲನೆ ಅತಿಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಹೇಳಿತು. ಇದನ್ನು ಓದಿದ ಗುಂಪು ‘ಯಾರ ತಪ್ಪು’ ಎಂಬಲ್ಲಿಂದ ‘ಎಷ್ಟು ಇಳಿಜಾರು, ಎಷ್ಟು ಮಳೆ, ನೀರು ಹೋಗಲು ಎಲ್ಲಿ ದಾರಿ’ ಎಂಬಲ್ಲಿಗೆ ಬರಬೇಕು. ಮನೆಮನೆಯಲ್ಲಿ ಗಾಯ ಉಳಿದಿರುವ ವಿಷಯವನ್ನು ಸಾಕ್ಷ್ಯ ಇಟ್ಟುಕೊಂಡು, ಎದುರಿಗಿರುವವರ ನೋವು ಅರಿತು ಮಾತಾಡುವುದನ್ನು ಹದಿನಾಲ್ಕರ ವಯಸ್ಸಿನಲ್ಲೇ ಕಲಿತವರು ನಾಳೆ ಗ್ರಾಮಸಭೆಯಲ್ಲಿ ಕೂರುವವರು.

ಶಾಲೆಯ ಗೋಡೆಯಾಚೆ

ಇಂಥ ಕೆಲಸಕ್ಕೆ ದೇಶಮಟ್ಟದ ವೇದಿಕೆಯೊಂದು ಇದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಆರಿಸಿ, ಅಧ್ಯಯನ ಮಾಡಿ, ವರದಿ ಬರೆದು ಮಂಡಿಸುತ್ತಾರೆ. ಕರ್ನಾಟಕದಲ್ಲಿ ಇದನ್ನು ಜಿಲ್ಲೆ ಜಿಲ್ಲೆಗೆ ಒಯ್ದದ್ದು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಮೊದಲು ಐದು ಮಕ್ಕಳವರೆಗಿದ್ದ ತಂಡ ಮುಂದೆ ಇಬ್ಬರಿಗೆ ಇಳಿದಿದೆ. ಇಬ್ಬರೇ ಇದ್ದಾಗ ಕೈ ಜಾರಿಸುವುದು ಕಷ್ಟ. ಮಕ್ಕಳು ದಿನಚರಿ ಪುಸ್ತಕ ಇಡಬೇಕು, ತೀರ್ಪುಗಾರರ ಪ್ರಶ್ನೆಗಳಿಗೆ ಉತ್ತರಿಸಬೇಕು. ಯಾವ ದಿನ ಎಲ್ಲಿಗೆ ಹೋದೆವು, ಯಾರನ್ನು ಕೇಳಿದೆವು, ಏನು ತಪ್ಪಿತು ಎಂಬ ದಾಖಲೆ ಅಂದದ ಚಾರ್ಟಿಗಿಂತ ಹೆಚ್ಚು ಹೇಳುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

1. ವಿಷಯ ಊರಿನದಾಗಿರಲಿ: ಹೂಮಳೆ, ದೇವರಕಾಡು, ಹಾರಂಗಿ ಜಲಾಶಯ, ಆನೆ ಬರುವ ದಾರಿ. ಗೂಗಲ್ ಒಂದರಿಂದಲೇ ಮುಗಿಯುವ ವಿಷಯ ಬೇಡ.

2. ಗುಂಪಿನಲ್ಲಿ ನಾಲ್ಕೈದು ಮಂದಿಗಿಂತ ಹೆಚ್ಚು ಬೇಡ. ಬೇರೆ ಊರು, ಬೇರೆ ಮನೆಮಾತಿನವರು ಒಂದೇ ಗುಂಪಿನಲ್ಲಿರಲಿ.

3. ಉಳಿದವರ ಬಳಿ ಇಲ್ಲದ ಒಂದು ತುಂಡು ಪ್ರತಿಯೊಬ್ಬರ ಬಳಿಯೂ ಇರಲಿ. ಅದನ್ನು ಅವರು ಮೊದಲು ಗುಂಪಿಗೆ ಕಲಿಸಲಿ.

4. ಸಿದ್ಧತೆಗೆ ಶಾಲೆಯ ಅವಧಿಯಲ್ಲೇ ಸಮಯ ಕೊಡಿ. ಮಳೆಗಾಲದಲ್ಲಿ ಸಂಜೆ ಬಸ್ಸು ಹಿಡಿದು ದೂರ ಹೋಗಬೇಕಾದ ಮಗು ಶಾಲೆ ಬಿಟ್ಟ ಮೇಲೆ ಉಳಿಯಲಾರದು.

5. ಅಂಕವನ್ನು ಎರಡು ಭಾಗ ಮಾಡಿ: ಒಂದು ಗುಂಪಿನ ಮಂಡನೆಗೆ, ಇನ್ನೊಂದು ಒಬ್ಬೊಬ್ಬರ ತಿಳಿವಳಿಕೆಗೆ.

6. ಮಂಡನೆ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಬೇರೆಯವರ ಭಾಗದಿಂದ ಒಂದು ಪ್ರಶ್ನೆ ಕೇಳಿ. ಇಂಚಿನ ಪುಸ್ತಕ ತಂದವಳು ಅಜ್ಜಿಯ ಕಕ್ಕಡವನ್ನು ವಿವರಿಸಲಿ, ಇಲಾಖೆಯ ಅಂಕಿ ತಂದವನು ಹೂಮಳೆಯ ಕತೆ ಹೇಳಲಿ.

ಈ ಆರನೆಯ ಅಂಶವನ್ನು ಮೊದಲ ದಿನವೇ ಮಕ್ಕಳಿಗೆ ತಿಳಿಸಿಬಿಡಬೇಕು. ಗೆಳೆಯನ ಪಾಲಿಗೂ ತಾನು ಉತ್ತರ ಹೇಳಬೇಕೆಂದು ಗೊತ್ತಿದ್ದರೆ ಅವನು ಮಾತಾಡುವಾಗ ಕಿವಿ ಅಲ್ಲೇ ಇರುತ್ತದೆ. ಅರ್ಥವಾಗದಿದ್ದರೆ ಅಲ್ಲೇ ಕೇಳುವ ಧೈರ್ಯವೂ ಬರುತ್ತದೆ. ಆಗ ಗುಂಪಿನ ಮಾತು ಪ್ರತಿಯೊಬ್ಬರ ತಿಳಿವಳಿಕೆಯೂ ಆಗುತ್ತದೆ, ಮತ್ತು ಒಬ್ಬರ ಕೈಗೆ ಸಿಗದ ವಿಷಯವನ್ನು ಐವರೂ ಇಡಿಯಾಗಿ ಅರಿತು ಮನೆಗೆ ಹೋಗುತ್ತಾರೆ.