ಇಂಟರ್‌ವ್ಯೂನಲ್ಲಿ ‘ಮಾರ್ಕ್ಸ್ ಯಾಕೆ ಕಮ್ಮಿ?’ ಅಂತ ಕೇಳಿದ್ರೆ ಏನು ಹೇಳಬೇಕು?

ಉದ್ಯೋಗ ಮೇಳದಲ್ಲಿ ಎಚ್‌ಆರ್ ಮುಂದೆ ಕೂತ ಹುಡುಗ-ಹುಡುಗಿಯರು ತಡವರಿಸುವ ಪ್ರಶ್ನೆ ಒಂದಿದೆ: ‘ಮಾರ್ಕ್ಸ್ ಯಾಕೆ ಕಮ್ಮಿ?’ ಅಪ್ಪನಿಗೆ ಹುಷಾರಿರಲಿಲ್ಲ, ಬೆಳೆ ಕೈಕೊಟ್ಟಿತು, ಅಂಗಡಿ ನೋಡಿಕೊಳ್ಳಬೇಕಾಯ್ತು... ಕಾರಣ ನಿಜವೇ ಇರುತ್ತೆ. ಆದರೆ ಕೆಲವರು ಬಾಯೇ ಬಿಡಲ್ಲ, ಇನ್ನು ಕೆಲವರು ಹೇಳುತ್ತಾ ಹೇಳುತ್ತಾ ಕಣ್ಣೀರು ಹಾಕ್ತಾರೆ. ಎರಡರಿಂದಲೂ ಕೆಲಸ ಕೈತಪ್ಪಬಹುದು.

ಮೊದಲು ಕಟ್‌ಆಫ್ ಕೇಳಿ

ಹಲವು ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಕೇಳುತ್ತವೆ. ಅಂಥ ಕಡೆ ಶೇ 58 ಇದ್ದವರು ಎಷ್ಟೇ ಕಷ್ಟ ಹೇಳಿಕೊಂಡರೂ ಎಚ್‌ಆರ್ ಕೈಲಿ ಏನೂ ಇರಲ್ಲ. ಬಸ್ ಚಾರ್ಜ್ ಹಾಕಿಕೊಂಡು ಬೆಂಗಳೂರಿಗೆ ಹೋಗೋ ಮುಂಚೆ ಫೋನ್ ಮಾಡಿ ಕೇಳುವುದು ಒಳ್ಳೇದು. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗಾದರೆ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ, ಪರೀಕ್ಷೆಯ ಅಂಕವೇ ಮುಖ್ಯ.

ಮೂರು ಮಾತು ಸಾಕು

ನಿಮ್ಮ ಅಂಕ ರೆಸ್ಯೂಮೆಯಲ್ಲೇ ಇರುತ್ತೆ. ಆದರೂ ಕೇಳ್ತಾರೆ ಅಂದ್ರೆ, ಆ ತೊಂದರೆ ಈಗಲೂ ಇದೆಯಾ, ಕೆಲಸಕ್ಕೆ ಸರಿಯಾಗಿ ಬರ್ತೀರಾ ಅನ್ನೋದು ಅವರಿಗೆ ಗೊತ್ತಾಗಬೇಕು. ಹಾಗಾಗಿ ಏನಾಯ್ತು, ಆಗ ಏನು ಮಾಡಿದಿರಿ, ಈಗ ಹೇಗಿದೆ ಎಂಬ ಮೂರನ್ನೇ ಹೇಳಿ. ಉದಾಹರಣೆಗೆ:

‘ನಾಲ್ಕನೇ ಸೆಮಿಸ್ಟರ್‌ನಲ್ಲಿ ತಂದೆ ಆಸ್ಪತ್ರೆಯಲ್ಲಿದ್ದರು ಸರ್, ಎರಡು ಸಬ್ಜೆಕ್ಟ್ ಹೋಯ್ತು. ಬೆಳಗ್ಗೆ ಅಂಗಡಿ ನೋಡಿಕೊಂಡು, ಮುಂದಿನ ವರ್ಷ ಎರಡನ್ನೂ ಕ್ಲಿಯರ್ ಮಾಡಿದೆ. ಈಗ ಅಂಗಡಿಯನ್ನ ಅಣ್ಣ ನೋಡ್ಕೊಳ್ತಾನೆ, ಬೇರೆ ಊರಿಗೆ ಬರೋಕೂ ತೊಂದರೆಯಿಲ್ಲ.’

ಕಾಯಿಲೆಯ ಹೆಸರು, ಸಾಲ ಎಷ್ಟು, ಮನೆ ಜಗಳ ಇವೆಲ್ಲ ಬೇಡ. ಲೆಕ್ಚರರ್ ಮೇಲೆ ದೂರು ಹೇಳುವುದಂತೂ ಬೇಡವೇ ಬೇಡ.

2021ರ ಪಿಯುಸಿ ಬ್ಯಾಚ್‌ನವರು ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ. ಆ ವರ್ಷ ಕೋವಿಡ್‌ನಿಂದ ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಅಂಕಗಳಿಗೆ ತಲಾ ಶೇ 45, ದ್ವಿತೀಯ ಪಿಯುಸಿ ಆಂತರಿಕ ಅಂಕಕ್ಕೆ ಶೇ 10 ಲೆಕ್ಕ ಹಿಡಿದು ಫಲಿತಾಂಶ ಕೊಟ್ಟಿದ್ದರು. ಕೇಳಿದರೆ ಒಂದು ವಾಕ್ಯದಲ್ಲಿ ಹೇಳಬಹುದು.

ಅಂಕ ತಿದ್ದಬೇಡಿ

ರೆಸ್ಯೂಮೆಯಲ್ಲಿ 54 ಇದ್ದದ್ದನ್ನು 64 ಮಾಡಿದರೆ ಮಾರ್ಕ್ಸ್ ಕಾರ್ಡ್ ಪರಿಶೀಲನೆಯಲ್ಲಿ ಸಿಕ್ಕಿಬೀಳ್ತೀರಿ. ಸೇರಿದ ಮೇಲೂ ಕೆಲಸ ಹೋಗಬಹುದು. ಸಿಜಿಪಿಎಯನ್ನು ಶೇಕಡಾವಾರು ಮಾಡುವಾಗಲೂ ನಿಮ್ಮ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸಿ.

ಅಂಗಡಿಯವರು ಮಾಡಬಹುದಾದ ಸಹಾಯ

ಓದುತ್ತಲೇ ಅಂಗಡಿಯಲ್ಲಿ ದುಡಿದವರು ಅದನ್ನು ರೆಸ್ಯೂಮೆಯಲ್ಲಿ ಬರೆಯುವುದೇ ಇಲ್ಲ. ಸ್ಟಾಕ್ ನೋಡಿದ್ದು, ಜಿಎಸ್‌ಟಿ ಬಿಲ್ ಹಾಕಿದ್ದು, ಉದ್ರಿ ವಸೂಲಿ ಮಾಡಿದ್ದು ಎಲ್ಲವೂ ಅನುಭವವೇ. ಸೇಲ್ಸ್, ಫೈನಾನ್ಸ್, ಗೋದಾಮು ಕೆಲಸಗಳಿಗೆ ಇದು ಉಪಯೋಗಕ್ಕೆ ಬರುತ್ತೆ. ಮಾಲೀಕರು ಲೆಟರ್‌ಹೆಡ್‌ನಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಕೆಲಸ ಅಂತ ನಾಲ್ಕು ಸಾಲು ಬರೆದು ಸಹಿ, ಸೀಲು ಹಾಕಿ ಕೊಟ್ಟರೆ, ಕಮ್ಮಿ ಅಂಕಕ್ಕೆ ಹುಡುಗರು ಹೇಳುವ ಕಾರಣಕ್ಕೆ ಒಂದು ದಾಖಲೆ ಸಿಕ್ಕಂತಾಗುತ್ತದೆ.