ಕೋಲಾರದ ಚಿನ್ನವೂ ಹೊರನಾಡಿನ ಚಿನ್ನವೂ

ಬಂಗಾರಪೇಟೆಯಲ್ಲಿ ರೈಲು ಬದಲಿಸಿ, ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂಗೆ ಸಾಗುವಾಗ, ನಿಶ್ಚಲವಾಗಿ ನಿಂತ ಗಣಿಗೋಪುರಗಳನ್ನು ಕಂಡು ಏಳುವ ವ್ಯಥೆಯೊಡನೆ ಒಂದು ನಂಬಿಕೆಯೂ ಬೆರೆತುಕೊಂಡಿದೆ: 2001ರ ಫೆಬ್ರವರಿ 28ರಂದು ಕೋಲಾರದ ಈ ಚಿನ್ನದ ಗಣಿಗಳನ್ನು ಮುಚ್ಚಿದುದರಿಂದಲೇ ಭಾರತವು ಚಿನ್ನಕ್ಕಾಗಿ ಹೊರನಾಡುಗಳ ಮುಖ ನೋಡಬೇಕಾಯಿತೆಂದೂ, ಗಣಿಗಳನ್ನು ಉಳಿಸಿಕೊಂಡ ಚೀನಕ್ಕೆ ಆ ದೈನ್ಯವಿಲ್ಲವೆಂದೂ. ವ್ಯಥೆಯು ನ್ಯಾಯವಾದುದು, ನಂಬಿಕೆಯು ಲೆಕ್ಕದ ಮುಂದೆ ನಿಲ್ಲಲಾರದು.

ಬ್ರಿಟಿಷರ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಮೊದಲ್ಗೊಂಡು, 1956ರಲ್ಲಿ ಮೈಸೂರು ಸರ್ಕಾರದ ಸ್ವಾಧೀನಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಕೈಸೇರಿದ ಈ ಗಣಿಗಳಲ್ಲಿ, ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದು, ಬಂಡೆಯ ಸುಡುಶಾಖವನ್ನೂ ಶಿಲಾಸ್ಫೋಟದ ಭೀತಿಯನ್ನೂ ಶ್ವಾಸಕೋಶವನ್ನು ತಿನ್ನುವ ಧೂಳನ್ನೂ ಸಹಿಸಿದ ಕಾರ್ಮಿಕರು ಸುಮಾರು 120 ವರ್ಷಗಳಲ್ಲಿ ಮೇಲೆತ್ತಿದ ಚಿನ್ನವೆಲ್ಲ ಸೇರಿ ಸುಮಾರು 800 ಟನ್. ವರ್ಷಕ್ಕೆ ಸರಾಸರಿ ಏಳು ಟನ್ನಿಗೂ ಕಡಮೆಯಾಯಿತು. ಈಚಿನ ದಶಕಗಳಲ್ಲಿ ಭಾರತವು ಒಂದು ಸಾಧಾರಣ ವರ್ಷದಲ್ಲಿ ತರಿಸಿಕೊಳ್ಳುವ ಚಿನ್ನವೇ 700ರಿಂದ 900 ಟನ್ನಿನಷ್ಟು. ನಾಲ್ಕೈದು ತಲೆಮಾರುಗಳು ಪ್ರಾಣವನ್ನು ಪಣವಾಗಿಟ್ಟು ತೆಗೆದುದನ್ನು ನಮ್ಮ ಮನೆಗಳು ಒಂದೇ ವರ್ಷದಲ್ಲಿ ಕೊಳ್ಳುತ್ತವೆಂಬುದನ್ನು ಗ್ರಹಿಸಿದಾಗ ಮನಸ್ಸು ಕ್ಷಣಕಾಲ ಸ್ತಬ್ಧವಾಗುತ್ತದೆ.

ಹಾಗಾದರೆ, ಹಿಂದೆ ಇಲ್ಲವೆಂಬಷ್ಟು ಅಲ್ಪವಾಗಿದ್ದ ಆಮದು ಮುಂದೆ ಹೀಗೇರಿದುದೇಕೆ? ಸ್ವಾತಂತ್ರ್ಯಾನಂತರ ಆಮದಿಗೆ ಕಠಿಣ ನಿರ್ಬಂಧವಿದ್ದಿತು. 1963ರಲ್ಲಿ ಅಂದಿನ ಅರ್ಥಸಚಿವ ಮೊರಾರ್ಜಿ ದೇಸಾಯಿಯವರ ಚಿನ್ನ ನಿಯಂತ್ರಣವು 14 ಕ್ಯಾರೆಟ್ಟಿಗೆ ಮೀರಿದ ಹೊಸ ಆಭರಣಗಳನ್ನು ನಿಷೇಧಿಸಿ ಅಕ್ಕಸಾಲಿಗರ ಅನ್ನವನ್ನೇ ಕಸಿದುಕೊಂಡಿತು. 1968ರಲ್ಲಿ ನಿಯಂತ್ರಣವು ಕಾಯಿದೆಯಾಗಿ ನೆಲೆನಿಂತಿತು. ಆದರೆ ಜನರ ಅಪೇಕ್ಷೆಯು ಕಾಯಿದೆಗೆ ಮಣಿಯಲಿಲ್ಲ. ದುಬೈಯಿಂದ ಪಶ್ಚಿಮ ಕರಾವಳಿಗೆ ಇರುಳಿನಲ್ಲಿ ಬಂದಿಳಿಯುತ್ತಿದ್ದ ಕಳ್ಳಚಿನ್ನಕ್ಕೆ ಸರ್ಕಾರಿ ಲೆಕ್ಕದಲ್ಲಿ ಸ್ಥಾನವೆಲ್ಲಿಯದು? 1990ರಲ್ಲಿ ಕಾಯಿದೆ ರದ್ದಾಗಿ, 1997ರಲ್ಲಿ ಬ್ಯಾಂಕುಗಳಿಗೆ ಮುಕ್ತವಾಗಿ ತರಿಸುವ ಅನುಮತಿ ದೊರೆತ ಮೇಲೆ, ಹಿಂದೆ ಗುಪ್ತವಾಗಿ ಬರುತ್ತಿದ್ದುದರ ಬಹುಭಾಗವು ಪುಸ್ತಕಕ್ಕೇರಿತು. ಇದೆಲ್ಲವೂ ನಡೆದದ್ದು ಕೋಲಾರದ ಗಣಿಗಳು ಇನ್ನೂ ತೆರೆದಿದ್ದಾಗಲೇ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಇನ್ನು ಚೀನ. 2007ರಲ್ಲಿ ದಕ್ಷಿಣ ಆಫ್ರಿಕವನ್ನು ಹಿಂದಿಕ್ಕಿ ಜಗತ್ತಿನಲ್ಲಿಯೇ ಅತ್ಯಧಿಕವಾಗಿ ಚಿನ್ನ ತೆಗೆಯುವ ದೇಶವಾದ ಅದು, 2013ರಲ್ಲಿ ನಾನೂರು ಟನ್ನಿಗೂ ಮಿಕ್ಕಿ ತೆಗೆದರೂ, ಅದೇ ವರ್ಷ ಹಾಂಗ್‌ಕಾಂಗ್ ಮಾರ್ಗವೊಂದರಿಂದಲೇ ಸಾವಿರ ಟನ್ನಿಗೂ ಹೆಚ್ಚು ತರಿಸಿಕೊಂಡಿತು. ಚೀನವು ತನ್ನ ಆಮದಿನ ಲೆಕ್ಕವನ್ನು ಬಹುಕಾಲ ಪ್ರಕಟಿಸದೆ ಇದ್ದುದರಿಂದ ಹಾಂಗ್‌ಕಾಂಗಿನ ಅಂಕಿಗಳೇ ನೋಡುವವರಿಗೆ ಆಧಾರವಾಗಿದ್ದವು. ಆದುದರಿಂದ ಆಮದಿನ ಹಳೆಯ ಪಟ್ಟಿಗಳಲ್ಲಿ ಚೀನದ ಅಂಕಣವು ಖಾಲಿಯೆಂದು ಅದನ್ನು ಸ್ವಾವಲಂಬಿಯೆಂದು ಎಣಿಸಲಾಗದು. ಆ 2013ರಲ್ಲಿಯೇ ಭಾರತವು ಸುಂಕವನ್ನು ಹಂತಹಂತವಾಗಿ ಶೇಕಡಾ 10ಕ್ಕೆ ಏರಿಸಿ, ತಂದ ಚಿನ್ನದ ಐದರಲ್ಲೊಂದು ಪಾಲನ್ನು ರಫ್ತಿಗೆ ಮೀಸಲಿಡಬೇಕೆಂದು ವಿಧಿಸಿದುದರಿಂದ ನಮ್ಮ ಆಮದು ಇಳಿಯಿತು; ಅದೇ ವೇಳೆ ಚೀನದ್ದು ಏರಿತು. ಎರಡು ಕಡೆಯೂ ಗಣಿಗಿಂತ ಗಿರಾಕಿಯ ಬಯಕೆಯೂ ರಾಜ್ಯದ ವಿಧಿಯೂ ಪ್ರಬಲವಾಗಿ ವರ್ತಿಸಿದವು.

ಮತ್ತೆ ಕೋಲಾರಕ್ಕೆ ಮರಳಿದರೆ, ಗಣಿಯೂರಾದ ರಾಬರ್ಟ್‌ಸನ್‌ಪೇಟೆಯ ಸುತ್ತ, ಚಿನ್ನ ತೆಗೆದುಳಿದ ಮಣ್ಣು ರಾಶಿಯಾಗಿ ನಿಂತಿರುವ ಸೈನೈಡ್ ದಿಬ್ಬಗಳಲ್ಲಿ ಅಪಾರ ನಿಧಿ ಉಳಿದಿದೆಯೆಂಬ ಮಾತೂ ಉಂಟು. ಮೂರು ಕೋಟಿ ಟನ್ನಿಗೂ ಮಿಕ್ಕ ಆ ಮಣ್ಣಿನಲ್ಲಿ ಟನ್ನಿಗೆ ಒಂದು ಗ್ರಾಂ ಅನ್ನೂ ಮುಟ್ಟದ ಚಿನ್ನವಿದ್ದು, ಅದೆಲ್ಲವನ್ನೂ ಹಿಂಡಿ ತೆಗೆದರೂ ದೇಶದ ಒಂದು ತಿಂಗಳ ಆಮದಿಗೆ ಸಾಲದು. ಬೇಸಗೆಯ ಗಾಳಿಗೆ ಅದೇ ಮಣ್ಣು ಎದ್ದು, ಗಣಿ ಬಿಟ್ಟವರ ಸಾಲುಮನೆಗಳ ಅಡುಗೆಯ ಪಾತ್ರೆಗಳ ಮೇಲೆ ಬಿಳಿಯಾಗಿ ಕೂರುತ್ತಿದೆ.