ಬೆನ್ಗಾವಲಿನವನ ಬಾಳು

ಕನ್ನಡದಲ್ಲಿ 'ಬೆನ್ಗಾವಲು' ಎಂಬ ಹಳೆಯ ಮಾತೊಂದಿದೆ. ಮುಂದೆ ನಿಂತು ಕಾದುವವರ ಬೆನ್ನಿಗೆ ನಿಂತು, ಅವರ ಸಾಲು ಎಲ್ಲಿ ಬಿರಿಯಿತೋ ಅಲ್ಲಿಗೆ ಧಾವಿಸಿ, ಒಳನುಗ್ಗಿದವನನ್ನು ತಡೆಯುವವನ ಕೆಲಸ ಅದು. ದಂಡು ದಳಗಳ ಕಾಲ ಮುಗಿದಮೇಲೆ ಈ ಮಾತು ತನ್ನ ಮೈಯ ಕಸುವನ್ನು ಕಳೆದುಕೊಂಡು ಬರಿಯ ಅಲಂಕಾರವಾಯಿತು. ಅದರ ಮೊದಲಿನ ಅರ್ಥ ಇಂದಿಗೂ ಉಸಿರಾಡುತ್ತಿರುವುದು, ವಿಚಿತ್ರವೆಂದರೆ, ಅಮೆರಿಕದ ಒಂದು ಆಟದಲ್ಲಿ. ಆ ದೇಶದವರು ಫುಟ್‌ಬಾಲ್ ಎಂದು ಕರೆಯುವ, ಆದರೆ ಕಾಲಿಗಿಂತ ಕೈಗೂ ಭುಜಕ್ಕೂ ಹೆಚ್ಚು ಕೆಲಸವಿರುವ ಆ ಆಟದಲ್ಲಿ 'ಲೈನ್‌ಬ್ಯಾಕರ್' ಎಂಬ ಸ್ಥಾನವೊಂದಿದೆ. ಅವನನ್ನು ಬೆನ್ಗಾವಲಿನವನೆಂದರೆ ಅರ್ಥಕ್ಕೆ ಲೋಪ ಬಾರದು.

ಆಟದ ಸ್ವರೂಪವನ್ನು ಅರಿಯದ ವಾಚಕರಿಗಾಗಿ ನಾಲ್ಕು ಮಾತು. ಪಕ್ಷಕ್ಕೆ ಹನ್ನೊಂದು ಜನ. ನೂರು ಗಜದ ಬಯಲು. ಚೆಂಡು ಹಿಡಿದ ಪಕ್ಷಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದುವರಿದರೆ ಮತ್ತೆ ನಾಲ್ಕು. ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ರಕ್ಷಣೆಗೆ ನಿಂತವರ ಮೊದಲ ಸಾಲಿನಲ್ಲಿ ಆನೆಯಂಥ ಆಳುಗಳು. ಅವರ ಹಿಂದೆ ಮೂವರೋ ನಾಲ್ವರೋ ಬೆನ್ಗಾವಲಿನವರು. ಎದುರಾಳಿಯ ಹೂಟವನ್ನು ಅವನ ಕಣ್ಣಿನಲ್ಲಿ, ಕಾಲಿನ ತಿರುವಿನಲ್ಲಿ ಓದಬೇಕು. ಓಡಿ ಬಂದವನನ್ನು ಎದೆಗೆದೆ ಕೊಟ್ಟು ಕೆಡವಬೇಕು. ಚೆಂಡು ಗಾಳಿಯಲ್ಲಿ ಹೋದರೆ ಹಿಂದಕ್ಕೂ ಓಡಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆಯ ಹುಡುಗರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕಬಡ್ಡಿಯಲ್ಲಿ ಮೂಲೆಯಲ್ಲಿ ಕಾದು ನಿಂತು, ರೇಡರ್ ಹೆಜ್ಜೆ ತಪ್ಪಿದ ಕ್ಷಣಕ್ಕೆ ಕಾಲಿಗೆ ಬೀಳುವವನನ್ನು ಅವರು ಬಲ್ಲರು. ಅವನನ್ನು ಇಮ್ಮಡಿ ತೂಕದವನನ್ನಾಗಿ ಮಾಡಿ, ತಲೆಗೆ ಶಿರಸ್ತ್ರಾಣವಿಟ್ಟು, ಓಡಿ ಬಂದು ಗುದ್ದಲು ಹತ್ತಾರು ಗಜ ಅವಕಾಶ ಕೊಟ್ಟರೆ ಚಿತ್ರ ಪೂರ್ಣವಾಗುತ್ತದೆ.

ಈ ಕೆಲಸಕ್ಕೂ ಭಾರತಕ್ಕೂ ನಂಟಿಲ್ಲವೆನ್ನುವಂತಿಲ್ಲ. ಬ್ರ್ಯಾಂಡನ್ ಚಿಲ್ಲರ್ ಎಂಬಾತನ ತಂದೆ ಭಾರತ ಮೂಲದವರು. 1982ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, 2004ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡವನ್ನು ಸೇರಿದ ಈತ ಬೆನ್ಗಾವಲಿನವನಾಗಿಯೇ ಹೆಸರಾದ. 2008ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಬಂದ. 2011ರ ಫೆಬ್ರವರಿಯಲ್ಲಿ ಆ ತಂಡ ಪಿಟ್ಸ್‌ಬರ್ಗಿನವರನ್ನು 31-25ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಾಗ ಈತ ಗಾಯಾಳುಗಳ ಪಟ್ಟಿಯಲ್ಲಿದ್ದ. ಜೀವಮಾನದ ಕನಸು ಕಣ್ಣೆದುರು ನನಸಾಗುವಾಗ ಕಣದ ಹೊರಗೆ ನಿಲ್ಲಬೇಕಾಯಿತು. ಆ ಬಳಿಕ ಅವನು ಲೀಗಿನ ಕಣಕ್ಕೆ ಇಳಿಯಲಿಲ್ಲ; ಏಳು ಋತುಗಳಿಗೆ ಆಟ ಮುಗಿಯಿತು. ಆ ಲೀಗಿನಲ್ಲಿ ಸಾಮಾನ್ಯ ಆಟಗಾರನ ವೃತ್ತಿಯ ಆಯುಷ್ಯ ಮೂರು ನಾಲ್ಕು ವರ್ಷ ಮಾತ್ರವೆಂಬುದನ್ನು ನೆನೆದರೆ ಏಳು ದೀರ್ಘಾಯುಷ್ಯವೇ. ಅದೇ 2011ರಲ್ಲಿ ಈ ಆಟವನ್ನು ಭಾರತಕ್ಕೆ ತರಲು ಹೊರಟ ಲೀಗೊಂದಕ್ಕೆ ಚಿಲ್ಲರನೂ ಹಣ ಹೂಡಿದ. ಬೆಂಗಳೂರಿನ ಹೆಸರು ಹೊತ್ತ ತಂಡವೂ ಅದರಲ್ಲಿತ್ತು. ಆದರೆ ಆ ಬಳ್ಳಿ ನಮ್ಮ ನೆಲದಲ್ಲಿ ಬೇರು ಬಿಡಲಿಲ್ಲ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಾದರೋ ಹಳ್ಳಿಹಳ್ಳಿಗೆ ಹಬ್ಬಿತು.

ಬೆನ್ಗಾವಲಿನವರ ಚರಿತ್ರೆಯಲ್ಲಿ ಜೂನಿಯರ್ ಸೇಯೂ ಎಂಬ ಹೆಸರು ಬಹು ದೊಡ್ಡದು. 1969ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋದಲ್ಲಿ ಜನನ. ಶಾಂತಸಾಗರದ ಸಮೋವ ದ್ವೀಪದಿಂದ ವಲಸೆ ಬಂದ ಮನೆತನ. ಮನೆಯ ಮಾತು ಸಮೋವನ್. ಇಂಗ್ಲಿಷನ್ನು ಕಲಿತದ್ದು ಬಾಲ್ಯ ಕೊಂಚ ಬಲಿತ ಮೇಲೆ. 1990ರಲ್ಲಿ ಹುಟ್ಟೂರಿನ ಚಾರ್ಜರ್ಸ್ ತಂಡ ಅವನನ್ನು ಆರಿಸಿಕೊಂಡಿತು. ಅಲ್ಲಿಂದ ಇಪ್ಪತ್ತು ಋತುಗಳ ಕಾಲ ಅವನು ಗುದ್ದಿದ, ಗುದ್ದಿಸಿಕೊಂಡ. ವರ್ಷದ ಶ್ರೇಷ್ಠ ಆಟಗಾರರ ಪಂದ್ಯಕ್ಕೆ ಸತತವಾಗಿ ಹನ್ನೆರಡು ಸಲ ಆಯ್ಕೆಯಾದ. 2006ರಲ್ಲಿ ವಿದಾಯ ಹೇಳುವಾಗ, ತಾನು ನಿವೃತ್ತನಾಗುತ್ತಿಲ್ಲ, ಪದವಿ ಪಡೆದು ಹೊರಡುತ್ತಿದ್ದೇನೆ ಎಂಬರ್ಥದ ಮಾತನಾಡಿದ. ಆದರೆ ಕೆಲವೇ ದಿನಗಳಲ್ಲಿ ಇನ್ನೊಂದು ತಂಡದ ಕರೆಗೆ ಓಗೊಟ್ಟು ಮತ್ತೆ ಕಣಕ್ಕಿಳಿದ. ಪದವಿ ಪಡೆದವನೂ ಶಾಲೆಯ ಅಂಗಳವನ್ನು ಬಿಡಲಾರದೆ ಸುತ್ತುವುದುಂಟು. ಹೊರಗೆ ತನಗೊಂದು ಬಾಳಿದೆಯೆಂದು ಯಾರೂ ಅವನಿಗೆ ಕಲಿಸಿರುವುದಿಲ್ಲ.

ಆ ಬಾಳು ಎರಡು ವರ್ಷವೂ ಪೂರ್ತಿ ನೆಮ್ಮದಿಯಿಂದ ನಡೆಯಲಿಲ್ಲ. ನಿದ್ರೆ ದೂರವಾಯಿತು, ಮನಸ್ಸಿನ ಹದ ತಪ್ಪಿತು, ಎಲ್ಲರನ್ನೂ ಗೆಳೆಯಾ ಎಂದು ಕರೆಯುತ್ತಿದ್ದವನು ತನ್ನವರಿಂದಲೇ ದೂರವಾದ. 2012ರ ಮೇ 2ರಂದು, 43ನೆಯ ವಯಸ್ಸಿನಲ್ಲಿ, ತನ್ನ ಜೀವವನ್ನು ತಾನೇ ಕಳೆದುಕೊಂಡ. ಮನೆಯವರು ಅವನ ಮೆದುಳನ್ನು ಪರೀಕ್ಷೆಗೆ ಒಪ್ಪಿಸಿದರು. ಸಿ.ಟಿ.ಇ. ಎಂಬ ರೋಗದ ಗುರುತುಗಳು ಅದರಲ್ಲಿ ಇದ್ದವೆಂದು 2013ರ ಜನವರಿಯಲ್ಲಿ ಪ್ರಕಟವಾಯಿತು. 2015ರಲ್ಲಿ ಆಟದ ಕೀರ್ತಿಮಂದಿರದಲ್ಲಿ ಅವನಿಗೆ ಸ್ಥಾನ ದೊರೆಯಿತು, ಸ್ವೀಕರಿಸಲು ಅವನಿರಲಿಲ್ಲ.

ಈ ರೋಗದ ಬಗೆ ಹೀಗೆ. ಮೆದುಳು ತಲೆಬುರುಡೆಯೊಳಗೆ ಬಿಗಿಯಾಗಿ ಕೂತ ಗಟ್ಟಿ ವಸ್ತುವಲ್ಲ. ಮೆತ್ತನೆಯದು, ದ್ರವದ ನಡುವೆ ಇರುವಂಥದು. ಓಡುವ ದೇಹ ಥಟ್ಟನೆ ನಿಂತಾಗ ಒಳಗಿನ ಮೆದುಳು ನಿಲ್ಲದೆ ಅಲುಗುತ್ತದೆ, ತಿರುಚಿಕೊಳ್ಳುತ್ತದೆ. ಶಿರಸ್ತ್ರಾಣ ಬುರುಡೆ ಒಡೆಯದಂತೆ ಕಾಯಬಲ್ಲದು. ಒಳಗಿನ ಅಲುಗಾಟವನ್ನು ಪೂರ್ತಿಯಾಗಿ ತಡೆಯಲಾರದು. ಕಣ್ಣಿಗೆ ಕತ್ತಲೆ ಕವಿಸುವ ಒಂದೆರಡು ದೊಡ್ಡ ಪೆಟ್ಟುಗಳಿಗಿಂತಲೂ, ಲೆಕ್ಕಕ್ಕೆ ಬಾರದ ಸಾವಿರಾರು ಸಣ್ಣ ಪೆಟ್ಟುಗಳೇ ವರ್ಷಗಳು ಕಳೆದಂತೆ ಕೇಡು ತರುತ್ತವೆ. 'ಟೌ' ಎಂಬ ಪ್ರೋಟೀನು ನರಕೋಶಗಳಲ್ಲಿ ಗಂಟುಗಟ್ಟುತ್ತದೆ. ನೆನಪು, ವಿವೇಕ, ತಾಳ್ಮೆಗಳು ಒಂದೊಂದಾಗಿ ಸಡಿಲುತ್ತವೆ. ಬದುಕಿರುವವನಲ್ಲಿ ಇದನ್ನು ನಿಶ್ಚಯವಾಗಿ ಹೇಳುವ ಉಪಾಯವಿನ್ನೂ ಕೈಗೂಡಿಲ್ಲ. ಸತ್ತವನ ಮೆದುಳನ್ನು ಸೀಳಿಯೇ ನೋಡಬೇಕು. ನೈಜೀರಿಯ ಮೂಲದ ವೈದ್ಯ ಬೆನೆಟ್ ಒಮಾಲು 2002ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಹಳೆಯ ಆಟಗಾರನ ಶವಪರೀಕ್ಷೆ ಮಾಡಿ, ಈ ಆಟದವರಲ್ಲಿ ಇದನ್ನು ಮೊದಲು ಗುರುತಿಸಿದ. ಲೀಗಿನ ಅಧಿಕಾರಿಯೊಬ್ಬರು ಆಟಕ್ಕೂ ರೋಗಕ್ಕೂ ಸಂಬಂಧವುಂಟೆಂದು ಬಾಯಿಬಿಟ್ಟು ಒಪ್ಪಿದ್ದು 2016ರಲ್ಲಿ. ಮರುವರ್ಷ ಬಾಸ್ಟನ್ನಿನ ಸಂಶೋಧಕರು, ಆ ಲೀಗಿನಲ್ಲಿ ಆಡಿದ್ದ 111 ಮಂದಿಯ ಮೆದುಳುಗಳಲ್ಲಿ 110ರಲ್ಲಿ ಈ ರೋಗವನ್ನು ಕಂಡದ್ದಾಗಿ ಪ್ರಕಟಿಸಿದರು. ಮನೆಯವರು ಸಂಶಯಪಟ್ಟು ದಾನವಿತ್ತ ಮೆದುಳುಗಳೇ ಅವುಗಳಲ್ಲಿ ಹೆಚ್ಚಾದ್ದರಿಂದ, ಆಡಿದವರೆಲ್ಲರಿಗೂ ಈ ಲೆಕ್ಕವನ್ನು ಹಚ್ಚುವಂತಿಲ್ಲ. ಆದರೂ ಆ ಅಂಕಿ ನಿದ್ದೆಗೆಡಿಸುವಂಥದೆಂಬುದರಲ್ಲಿ ಸಂದೇಹವಿಲ್ಲ.

ಇನ್ನೊಬ್ಬ ತರುಣನ ಕಥೆ ಇದಕ್ಕೆ ತೀರ ಬೇರೆಯದು. ಕ್ರಿಸ್ ಬೋರ್ಲಂಡ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡವನ್ನು ಬೆನ್ಗಾವಲಿನವನಾಗಿ ಸೇರಿ, ಮೊದಲ ಋತುವಿನಲ್ಲಿಯೇ ನೂರಕ್ಕೂ ಮಿಕ್ಕಿ ಸಲ ಎದುರಾಳಿಗಳನ್ನು ಕೆಡವಿದ. ಋತು ಆರಂಭವಾಗುವ ಮುನ್ನ ಅಭ್ಯಾಸದಲ್ಲಿ ತಲೆಗೆ ಪೆಟ್ಟು ಬಿದ್ದಿತ್ತು. ಸ್ಥಾನ ತಪ್ಪೀತೆಂದು ಯಾರಿಗೂ ಹೇಳದೆ ಆಡಿದ್ದ. ಆದರೆ ಇತಿಹಾಸದ ವಿದ್ಯಾರ್ಥಿಯಾದವನು ತನಗಿಂತ ಹಿಂದಿನವರಿಗೆ ಏನಾಯಿತೆಂದು ಕೇಳದೆ ಇರಲಾರನಷ್ಟೆ. ಅವನು ಓದಿದ, ಬಲ್ಲವರೊಡನೆ ಚರ್ಚಿಸಿದ. 2015ರ ಮಾರ್ಚಿನಲ್ಲಿ, 24ನೆಯ ವಯಸ್ಸಿನಲ್ಲಿ, ಇನ್ನು ಆಡುವುದಿಲ್ಲವೆಂದು ಪ್ರಕಟಿಸಿದ. ಮುಂಗಡವಾಗಿ ಪಡೆದಿದ್ದ ಹಣದ ಹೆಚ್ಚಿನ ಪಾಲನ್ನು ಹಿಂದಿರುಗಿಸಲು ಒಪ್ಪಿದ. ಕೆಲವರು ಅವನನ್ನು ವಿವೇಕಿಯೆಂದರು, ಕೆಲವರು ಹೇಡಿಯೆಂದರು.

ಹೇಡಿ ಎಂಬ ಮಾತು ಕನ್ನಡದ ಅಧ್ಯಾಪಕನಾದ ನನ್ನನ್ನು ಬಹಳ ಕಾಡಿದೆ. ನಮ್ಮ ಹಳೆಯ ಸಾಹಿತ್ಯದಲ್ಲಿಯೂ ಶಾಸನಗಳಲ್ಲಿಯೂ 'ಜೋಳವಾಳಿ' ಎಂಬ ಧರ್ಮವೊಂದುಂಟು. ಯಾರ ಜೋಳವನ್ನು ಉಂಡೆನೋ ಅವನಿಗಾಗಿ ಪ್ರಾಣವನ್ನಾದರೂ ತೆರುವುದೇ ಆ ಧರ್ಮ. ಪಂಪನ ಕರ್ಣ ದೊಡ್ಡವನಾಗುವುದು ಇದರಿಂದ. ತಾನು ಕುಂತಿಯ ಮಗನೆಂದು ತಿಳಿದಮೇಲೂ ದುರ್ಯೋಧನನ ಅನ್ನದ ಋಣವನ್ನು ಅವನು ಮರೆಯಲಿಲ್ಲ. ಜೋಳವನ್ನೇ ಉಂಡು ಬೆಳೆದ ಈ ಸೀಮೆಯ ಮಕ್ಕಳಿಗೆ ಆ ಭಾಗವನ್ನು ಪಾಠ ಹೇಳುವಾಗ ನನ್ನ ದನಿ ತಾನಾಗಿ ಏರುತ್ತದೆ. ಆದರೆ ಒಂದು ಭೇದವನ್ನು ಮರೆಯಲಾಗದು. ಕರ್ಣನಿಗೆ ತಾನು ತೆರುವ ಬೆಲೆ ಏನೆಂದು ತಿಳಿದಿತ್ತು. ತಿಳಿದೂ ತೆತ್ತದ್ದರಿಂದಲೇ ಅದು ತ್ಯಾಗವಾಯಿತು. ಬೆಲೆಯನ್ನು ಮುಚ್ಚಿಟ್ಟು ತೆರಿಸಿಕೊಂಡರೆ ಅದು ತ್ಯಾಗವಲ್ಲ, ವ್ಯಾಪಾರದ ಮೋಸ.

ಮೈಯನ್ನೇ ಬಂಡವಾಳವಾಗಿ ಹೂಡಿದವರನ್ನು ಕಾಣಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಸಿಂಧನೂರಿನ ಅಕ್ಕಿಯ ಗಿರಣಿಗಳಲ್ಲಿ ಬೆನ್ನ ಮೇಲೆ ಮೂಟೆ ಹೊರುವ ಹಮಾಲರಿದ್ದಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಾಳಕ್ಕಿಳಿದು ಚಿನ್ನದ ಕಲ್ಲು ಒಡೆಯುವವರಿದ್ದಾರೆ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಮಾಡುವ ಹಾನಿಯೂ ಮೆದುಳಿನ ಈ ಹಾನಿಯಂತೆಯೇ ವರ್ಷಗಟ್ಟಲೆ ಮೌನವಾಗಿದ್ದು ಆಮೇಲೆ ಮಾತನಾಡುವಂಥದು. ಗಣಿಯ ಕೆಲಸಗಾರನ ವಿಷಯದಲ್ಲಿ ಲೋಕ ಕಾನೂನು ಮಾಡಿತು, ಪರೀಕ್ಷೆ ಮಾಡಿತು, ಪರಿಹಾರದ ಮಾತನಾಡಿತು. ಆಟಗಾರನ ವಿಷಯದಲ್ಲಿ ಮಾತ್ರ ಬಹುಕಾಲ ಚಪ್ಪಾಳೆ ತಟ್ಟಿ ಸುಮ್ಮನಾಯಿತು. ಅವನು ದುಡಿಯುತ್ತಿದ್ದಾನೆಂಬುದನ್ನು ಆಟವೆಂಬ ಹೆಸರೇ ಮರೆಸಿತ್ತು.

ಈಗ ನಮ್ಮ ಕಡೆಯ ಹುಡುಗರ ಮುಂದೆಯೂ ಆ ಹಾದಿ ತೆರೆದಿದೆ. ಅದು ಸಂತೋಷದ ಸಂಗತಿ. ಕಬಡ್ಡಿ ಆಡಿ ಅನ್ನ ಸಂಪಾದಿಸಬಹುದೆಂದು ಇವರ ತಂದೆಯರು ಕನಸಿನಲ್ಲಿಯೂ ಎಣಿಸಿರಲಿಲ್ಲ. ಮಸ್ಕಿಯ ಕಡೆಯ ಹಳ್ಳಿಯಿಂದ ಬಂದ ನನ್ನ ವಿದ್ಯಾರ್ಥಿಯೊಬ್ಬ ಊರ ಜಾತ್ರೆಯ ಪಂದ್ಯದಲ್ಲಿ ಹಿಡಿತಕ್ಕೆ ಹಾರಿದಾಗ ಇನ್ನೊಬ್ಬನ ಮೊಣಕಾಲು ಅವನ ಕಪಾಲಕ್ಕೆ ಬಡಿಯಿತು. ಕ್ಷಣಕಾಲ ಮಲಗಿದ್ದವನು ಎದ್ದು, ನೀರು ಚಿಮುಕಿಸಿಕೊಂಡು, ಮತ್ತೆ ಮೂಲೆಗೆ ಹೋಗಿ ನಿಂತ. ಸುತ್ತಲಿನ ಜನ ಹುಚ್ಚೆದ್ದು ಕೂಗಿದರು. "ಸರ್, ಏಳದಿದ್ದರೆ ಊರ ಮರ್ಯಾದೆ ಏನಾಗಬೇಕಿತ್ತು?" ಎಂದು ಮರುವಾರ ನನ್ನನ್ನೇ ಕೇಳಿದ. ಕರ್ಣನನ್ನು ಅವನಿಗೆ ಓದಿಸಿದವನು ನಾನೇ ಆದ್ದರಿಂದ ಉತ್ತರ ಹೇಳುವ ಹೊಣೆಯೂ ನನ್ನದಾಯಿತು. "ತಮ್ಮಾ, ಕಾಲು ಮುರಿದವನು ಎದ್ದು ನಿಂತರೆ ಧೈರ್ಯವೆನ್ನೋಣ. ತಲೆಗೆ ಪೆಟ್ಟು ಬಿದ್ದವನು ಎದ್ದು ನಿಂತರೆ, ಏಳಬೇಕೋ ಬೇಡವೋ ಎಂದು ತೀರ್ಮಾನಿಸುವ ತಲೆಗೇ ಪೆಟ್ಟು ಬಿದ್ದಿದೆಯಲ್ಲ! ಆ ತೀರ್ಮಾನವನ್ನು ಹೊರಗೆ ಕೂತವರು ಮಾಡಬೇಕು," ಎಂದೆ. ಅಮೆರಿಕದವರು ಬಹಳ ಬೆಲೆ ತೆತ್ತು ಕಲಿತ ಪಾಠವೂ ಇಷ್ಟೇ. ಅಲ್ಲೀಗ ತಲೆಗೆ ಪೆಟ್ಟು ಬಿದ್ದವನನ್ನು ತಂಡಕ್ಕೆ ಸೇರದ ವೈದ್ಯರೂ ನೋಡಿ ಒಪ್ಪದೆ ಕಣಕ್ಕೆ ಬಿಡುವಂತಿಲ್ಲ. ಋತುವಿನ ನಡುವೆ ಮೈಗೆ ಮೈ ತಾಗಿಸಿ ಮಾಡುವ ಅಭ್ಯಾಸಗಳಿಗೆ 2011ರಿಂದ 14ರ ಮಿತಿಯಿದೆ. ನಮ್ಮ ಜಾತ್ರೆಯ ಕಣಗಳಿಗೆ ಅಷ್ಟು ಆಡಂಬರ ಬೇಡ; ತಲೆಗೆ ಪೆಟ್ಟು ತಿಂದವನು ಅಂದು ಮತ್ತೆ ಆಡಕೂಡದು ಎಂಬ ಒಂದೇ ನಿಯಮವನ್ನು ಊರ ಹಿರಿಯರು ನಿಂತು ನಡೆಸಿದರೆ ಸಾಕು.

ಕನ್ನಡ ನಾಡು ವೀರಗಲ್ಲುಗಳ ನಾಡು. ತುರುಗಳನ್ನು ಕಾದು ಬಿದ್ದವನಿಗೆ, ಊರ ಬಾಗಿಲಲ್ಲಿ ಮಡಿದವನಿಗೆ ಕಲ್ಲು ನಿಲ್ಲಿಸಿದೆವು, ಅದು ತಕ್ಕದ್ದೇ. ಹೋರಾಟದ ನಡುವೆ ನಿಂತು ಯೋಚಿಸಿ, ಸಾಕೆಂದು ಹಿಂದಿರುಗಿದವನಿಗೆ ನಾವು ನಿಲ್ಲಿಸಿದ ಕಲ್ಲು ಎಲ್ಲಿದೆ? ಹೀಗೆ ಕೇಳುವಾಗ ನನಗೆ ಮಸ್ಕಿಯ ಬಂಡೆ ನೆನಪಾಗುತ್ತದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ 'ದೇವಾನಾಂಪ್ರಿಯ'ನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಇದ್ದುದರಿಂದ, ಆ ಬಿರುದಿನ ದೊರೆ ಯಾರೆಂಬ ವಿದ್ವಾಂಸರ ಸಂದೇಹ ಹರಿಯಿತು. ಕಳಿಂಗದ ಯುದ್ಧದ ಮಾತು ಆ ಬಂಡೆಯ ಮೇಲಿಲ್ಲ. ಧರ್ಮದಲ್ಲಿ ನಡೆದರೆ ಸಣ್ಣವನಿಗೂ ದೊಡ್ಡವನಿಗೂ ಒಂದೇ ಫಲವೆಂಬ ಬೋಧೆ ಇದೆ. ಆದರೂ ಗೆದ್ದ ಮೇಲೆ, ಇನ್ನೂ ಗೆಲ್ಲಬಲ್ಲ ಶಕ್ತಿಯಿರುವಾಗ, ಆಯುಧವನ್ನು ಕೆಳಗಿಟ್ಟವನೊಬ್ಬನ ಸ್ವಂತ ಹೆಸರು ನಮ್ಮ ಈ ಮೂರೂರುಗಳ ನಡುವೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಅಳಿಯದೆ ನಿಂತಿದೆ. ಅವನನ್ನು ಹೇಡಿಯೆಂದು ಕರೆದವರ ಹೆಸರನ್ನು ಯಾವ ಕಲ್ಲೂ ಉಳಿಸಿಕೊಂಡಿಲ್ಲ.